ಮೇಲೆ ಬರೆದದ್ದು 300

ದುಡ್ಡು ಕೊಟ್ಟು ತಂದ ವೇಗಕ್ಕಿಂತ ಬಿಟ್ಟಿಯಾಗಿ ಸಿಕ್ಕಿದ ವೇಗಕ್ಕೆ ರುಚಿ ಜಾಸ್ತಿ. ಇದನ್ನು ನನಗೆ ಕಲಿಸಿದವರು, ಇಳಿಜಾರಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದ ನಮ್ಮ ಚಿಕ್ಕಪ್ಪ. ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಗುಮಾಸ್ತರು. ಸಂಜೆ ಕಾಫಿ ಕುಡಿದು ಬನಿಯನ್ನಿಗೆ ಇಳಿದರೆಂದರೆ ಬೇರೆಯೇ ಮನುಷ್ಯ. ಬೀದಿಯವರ ರೇಡಿಯೊಗಳೆಲ್ಲ ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿದ್ದವು. ಯಾವ ಭಾಗ ಕೆಟ್ಟಿದೆ ಎನ್ನುವುದನ್ನು ಅದರ ಬಿಸಿಯ ಮೇಲೆ ಬೆರಳಿಟ್ಟೇ ಹೇಳಿಬಿಡುತ್ತಿದ್ದರು.

1999ರಲ್ಲಿ ಕಂಪ್ಯೂಟರಿನ ಭಾಗಗಳನ್ನು ಕೊಳ್ಳಲು ಇಬ್ಬರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ನನ್ನ ಕಣ್ಣು ಪೆಂಟಿಯಂ ಮೇಲೆ, ಅವರ ಕೈ ಜೇಬಿನ ಮೇಲೆ. ಇಬ್ಬರಿಗೂ ಒಪ್ಪಿಗೆಯಾದದ್ದು ಸೆಲೆರಾನ್ 300ಎ. ಹಿಂದಿನ ವರ್ಷದ ಆಗಸ್ಟಿನಲ್ಲಿ ಇಂಟೆಲ್ ಕಂಪನಿ ಅಗ್ಗದ ಗಿರಾಕಿಗಳಿಗೆಂದು ಬಿಟ್ಟ ಪ್ರೊಸೆಸರ್ ಅದು. ಅಂಗಡಿಯ ಹುಡುಗ ಆಚೀಚೆ ನೋಡಿ ಗುಟ್ಟು ಹೇಳಿದ: "ಮುನ್ನೂರು ಅಂತ ಬರೆದವ್ರೆ ಸಾರ್. ನಾನೂರೈವತ್ತು ಓಡ್ತದೆ."

ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಎಷ್ಟೋ ಚಿಪ್ಪುಗಳು ಒಟ್ಟಿಗೆ ತಯಾರಾಗುತ್ತವೆ. ಒಂದೇ ಕಾವಲಿಯ ದೋಸೆಗಳ ಹಾಗೆ, ಎಲ್ಲವೂ ಒಂದೇ ಹದಕ್ಕೆ ಬರುವುದಿಲ್ಲ. ಒಂದೊಂದನ್ನೂ ಪರೀಕ್ಷಿಸಿ, ಇದು ಇಷ್ಟು ವೇಗ ತಾಳುತ್ತದೆ ಎಂದು ಮೊಹರು ಹಾಕುತ್ತಾರೆ. ಆದರೆ ಅಗ್ಗದ ಮಾಲಿಗೇ ಬೇಡಿಕೆ ಹೆಚ್ಚಿದ್ದಾಗ, ಚೆನ್ನಾಗಿ ಬಂದದ್ದರ ಮೇಲೂ ಕಡಿಮೆಯ ಮೊಹರೇ ಬೀಳುತ್ತದೆ. ಹುಡುಗ ಇದನ್ನು ವಿವರಿಸುತ್ತಿದ್ದಾಗ ಚಿಕ್ಕಪ್ಪ ಚೌಕಾಸಿ ಮಾಡುವುದನ್ನೇ ಮರೆತು ನಿಂತುಬಿಟ್ಟರು. ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ತೆಗೆದು, ಆ ವರ್ಷವೇ ತಂದೆ ತೀರಿಕೊಂಡು, ಬಂದ ಮೊದಲ ಕೆಲಸಕ್ಕೆ ಸೇರಿಕೊಂಡವರು ಅವರು.

ಲೆಕ್ಕ ಸುಲಭದ್ದು. ಪ್ರೊಸೆಸರಿಗೆ ಮಾಹಿತಿ ಸಾಗುವ ದಾರಿಗೆ ಬಸ್ಸು ಎನ್ನುತ್ತಾರೆ. ಅದರ ವೇಗ 66 ಮೆಗಾಹರ್ಟ್ಸ್, ಅದಕ್ಕೆ ನಾಲ್ಕೂವರೆಯ ಗುಣಕ, ಗುಣಿಸಿದರೆ ಹೆಚ್ಚುಕಡಿಮೆ 300. ಗುಣಕಕ್ಕೆ ಬೀಗ ಹಾಕಿದ್ದರು, ಬಸ್ಸಿಗೆ ಹಾಕಿರಲಿಲ್ಲ. ಅದನ್ನು 100ಕ್ಕೆ ಏರಿಸಿದರೆ 450 ಸಿದ್ಧ. ಕೆಲವರು ಬಿ21 ಎಂಬ ಪಿನ್ನಿಗೆ ಹೆಂಡತಿಯ ಉಗುರುಬಣ್ಣ ಬಳಿದು ಮದರ್‌ಬೋರ್ಡಿಗೆ ಮಂಕುಬೂದಿ ಎರಚುತ್ತಿದ್ದರಂತೆ. ನಮ್ಮದು ಅಬಿಟ್ ಬಿಎಚ್6. ಬಯಾಸ್ ಪರದೆಯಲ್ಲಿ ಸಂಖ್ಯೆ ಬದಲಿಸಿದರೆ ಸಾಕು. ಚಿಕ್ಕಮ್ಮನ ಬಳಿ ಉಗುರುಬಣ್ಣವೂ ಇರಲಿಲ್ಲವೆನ್ನಿ.

"ಒಂದೊಂದೇ ಮೆಟ್ಟಿಲು ಹತ್ತೋಣ ಕಣೋ. ಮೊದಲು 75, ಆಮೇಲೆ 83," ಎಂದರು ಚಿಕ್ಕಪ್ಪ. ಪ್ರತಿ ಕಾಗದವನ್ನೂ ಮೂರು ಸಲ ಓದಿ ಸಹಿ ಹಾಕುವವರು ಇನ್ನೇನು ಹೇಳಿಯಾರು? ಆದರೆ ಈ ವಿದ್ಯೆಯ ತಮಾಷೆ ಇರುವುದೇ ಅಲ್ಲಿ. ಹಾರ್ಡ್ ಡಿಸ್ಕಿಗೆ ದಾರಿಯಾದ ಪಿಸಿಐ ಬಸ್ಸು ಓಡಬೇಕಾದದ್ದು 33ರಲ್ಲಿ. ಮುಖ್ಯ ಬಸ್ಸನ್ನು 83ಕ್ಕೆ ಇಟ್ಟರೆ ಅದರ ಅರ್ಧ, ಅಂದರೆ 41ರ ಮೇಲೆ ಓಡಿ, ಡಿಸ್ಕಿನಲ್ಲಿ ಬರೆದದ್ದೆಲ್ಲ ಅಳಿಸಿ ಹೋದೀತು. 100ಕ್ಕೆ ಹಾರಿದರೆ ಮೂರರಿಂದ ಭಾಗವಾಗಿ ಮತ್ತೆ 33ಕ್ಕೇ ಬಂದು ನಿಲ್ಲುತ್ತದೆ. ನಡುದಾರಿಯಲ್ಲಿ ಅಪಾಯ, ಹಾರಿದರೆ ಕ್ಷೇಮ.

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. "ಐವತ್ತೆರಡು ವರ್ಷ ಆದ್ಮೇಲೆ ಹೇಳ್ತಾ ಇದೀಯಲ್ಲೋ ಇದನ್ನ!"

ಹಾರಿದೆವು. ವೋಲ್ಟೇಜನ್ನು 2ರಿಂದ ಚೂರು ಮೇಲಕ್ಕೆ ತಳ್ಳಬೇಕಾಯಿತು. ಇಲ್ಲಿ ಮಾತ್ರ ಪ್ರಕೃತಿ ಬಡ್ಡಿ ಹಾಕುತ್ತದೆ: ವೋಲ್ಟೇಜು ನೂರಕ್ಕೆ ಹತ್ತು ಏರಿದರೆ ಹೀರುವ ವಿದ್ಯುತ್ತು ನೂರಕ್ಕೆ ಇಪ್ಪತ್ತೊಂದು ಏರುತ್ತದೆ, ವೇಗದ ಪಾಲು ಬೇರೆ. ಅಷ್ಟೂ ಬಿಸಿಯಾಗಿ ಹೊರಬರಬೇಕು. ಚಿಕ್ಕಪ್ಪ ದೊಡ್ಡದೊಂದು ಫ್ಯಾನು ಹುಡುಕಿ ತಂದು ಪ್ರೊಸೆಸರಿಗೆ ಕಟ್ಟಿದರು. ಸಾಲದೆಂದು ಡಬ್ಬದ ಪಕ್ಕದ ತಗಡು ಬಿಚ್ಚಿ, ಮನೆಯ ಏಕೈಕ ಟೇಬಲ್ ಫ್ಯಾನನ್ನು ಅದರೆದುರು ಇಟ್ಟರು. ಏಪ್ರಿಲ್ ತಿಂಗಳು.

"ಸೆಕೇಲಿ ನಾನು ಬೇಯ್ತಾ ಇದೀನಿ, ಗಾಳಿ ಆ ಡಬ್ಬಕ್ಕೆ!" ಎಂದರು ಚಿಕ್ಕಮ್ಮ.

"ಅದು ದುಡೀತಾ ಇದೆ ಕಣೇ."

"ನಾನೇನು ಕೂತು ತಿಂತಾ ಇದೀನಾ?"

ಚಿಕ್ಕಪ್ಪ ಮಾತಾಡದೆ ಎದ್ದು ಫ್ಯಾನಿನ ತಲೆಯ ಮೇಲಿನ ಗುಂಡಿ ಒತ್ತಿದರು. ಅದು ಅಡುಗೆಮನೆಯ ಬಾಗಿಲಿಗೊಮ್ಮೆ, ಸೆಲೆರಾನಿಗೊಮ್ಮೆ ಮುಖ ತಿರುಗಿಸುತ್ತ ಆ ಬೇಸಿಗೆಯನ್ನು ಕಳೆಯಿತು.

ವೇಗ ಏರಿಸುವುದಕ್ಕಿಂತ ಅದು ನಿಲ್ಲುತ್ತದೆಯೇ ಎಂದು ನೋಡುವುದು ದೊಡ್ಡ ಕೆಲಸ. ಅದಕ್ಕೆ ಪ್ರೈಮ್95 ಇತ್ತು. ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಜಾರ್ಜ್ ವೋಲ್ಟ್‌ಮನ್ ಬರೆದ ತಂತ್ರಾಂಶ. ಪ್ರೊಸೆಸರ್ ಸುಸ್ತಾಗಿ ಒಂದು ಲೆಕ್ಕ ತಪ್ಪಿದರೂ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ರಾತ್ರಿಯಿಡೀ ಲೆಕ್ಕ ಹಾಕಲು ಬಿಟ್ಟು ನಾನು ಮಲಗಿದೆ. ನಡುವೆ ಎಚ್ಚರವಾದಾಗ ಚಿಕ್ಕಪ್ಪ ಪರದೆಯ ಮುಂದೆಯೇ ಕುರ್ಚಿ ಹಾಕಿಕೊಂಡಿದ್ದರು. ಪರೀಕ್ಷೆಗೆ ಓದುವ ಮಗನಿಗೆ ಕಾವಲು ಕೂತವರಂತಿದ್ದರು ಎನ್ನಬಹುದಿತ್ತು, ಆದರೆ ಅವರಿಗೆ ಮಕ್ಕಳಿರಲಿಲ್ಲ. ಬೆಳಿಗ್ಗೆಯಾದರೂ ಒಂದು ಲೆಕ್ಕವೂ ತಪ್ಪಿರಲಿಲ್ಲ.

ಇಷ್ಟೆಲ್ಲ ಮಾಡಿ ಆ ವೇಗದಲ್ಲಿ ಮಾಡಿದ್ದೇನು? ಚಿಕ್ಕಪ್ಪ 'ಬರಹ' ಎಂಬ ಕನ್ನಡ ತಂತ್ರಾಂಶ ಹಾಕಿಕೊಂಡು ಬೀದಿಯವರ ನೀರಿನ ಅರ್ಜಿ, ಪಿಂಚಣಿಯ ಅರ್ಜಿ ಹೊಡೆದುಕೊಟ್ಟರು, ಎರಡೇ ಬೆರಳಲ್ಲಿ. ಸೆಕೆಂಡಿಗೆ ನಲವತ್ತೈದು ಕೋಟಿ ಸಲ ಮಿಡಿಯುವ ಯಂತ್ರ 'ಮಾನ್ಯರೇ' ಆದಮೇಲೆ ಮುಂದಿನ ಅಕ್ಷರಕ್ಕಾಗಿ ಕಾಯುತ್ತ ಕೂತಿರುತ್ತಿತ್ತು.

ಈಗ ಅಣ್ಣನ ಮಗಳು ಈ ವೇಗ ಏರಿಸುವ ವಿದ್ಯೆಯನ್ನು ಹೇಗೆ ಶುರುಮಾಡಬೇಕು ಎಂದು ಕೇಳುತ್ತಾಳೆ. ಇಂಟೆಲ್ಲಿನದಾದರೆ ಹೆಸರಿನ ಕೊನೆಗೆ 'ಕೆ' ಇರುವುದನ್ನು ಕೊಳ್ಳು, ಅದರ ಗುಣಕಕ್ಕೆ ಬೀಗವಿಲ್ಲ. ಒಂದೊಂದೇ ಅಂಕ ಏರಿಸು, ಪರೀಕ್ಷಿಸು, ಉಷ್ಣಾಂಶದ ಮೇಲೆ ಕಣ್ಣಿಡು ಎನ್ನುತ್ತೇನೆ. ಹೆಚ್ಚು ಆಸೆ ಹುಟ್ಟಿಸುವುದಿಲ್ಲ. 2008ರಲ್ಲಿ ಟರ್ಬೊ ಬೂಸ್ಟ್ ಬಂದಂದಿನಿಂದ ಚಿಪ್ಪುಗಳು ಹೊತ್ತು ನೋಡಿ ತಾವೇ ಓಡುತ್ತವೆ. ಕಾರ್ಖಾನೆಯವರು ಹಿಂಡಿ ಉಳಿಸಿದ್ದು ಕಡಿಮೆ. ಅರ್ಧಕ್ಕರ್ಧ ಶಕ್ತಿಯನ್ನು ಒಳಗಿಟ್ಟುಕೊಂಡು ಸುಮ್ಮನಿರುವ ತಳಿ ಈಗಿಲ್ಲ.

ಚಿಕ್ಕಪ್ಪ ನಿವೃತ್ತರಾದ ಮೇಲೆ ಆ ಕಂಪ್ಯೂಟರನ್ನು ಮಾರಲು ಮತ್ತೆ ಎಸ್.ಪಿ. ರಸ್ತೆಗೇ ಒಯ್ದೆವು. ಹಳೇ ಸಾಮಾನಿನ ಅಂಗಡಿಯವನು ಚಾಲೂ ಮಾಡಿದ. ಪರದೆಯ ಮೇಲೆ 450 ಎಂದು ಬಂತು. ಅವನು ಸ್ವಿಚ್ ಆರಿಸಿ, ಪ್ರೊಸೆಸರ್ ಕಿತ್ತು, ಬೆಳಕಿಗೆ ಹಿಡಿದು ಮೊಹರು ಓದಿದ.

"ಮುನ್ನೂರರ ರೇಟು ಕೊಡ್ತೀನಿ ಸಾರ್."

"ಇಷ್ಟು ವರ್ಷ ನಾನೂರೈವತ್ತರಲ್ಲೇ ಓಡಿದೆಯಲ್ಲಪ್ಪ," ಎಂದೆ.

"ಓಡಿರ್ಬೋದು. ಮೇಲೆ ಬರೆದಿರೋದು ಮುನ್ನೂರೇ."

ನಾನು ಜಗಳಕ್ಕೆ ಸಿದ್ಧನಾದೆ. ಚಿಕ್ಕಪ್ಪ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಅವನು ಕೊಟ್ಟ ನೋಟುಗಳನ್ನು ಎರಡು ಸಲ ಎಣಿಸಿ ಜೇಬಿಗಿಟ್ಟರು. ಆಮೇಲೆ ಸ್ಕ್ರೂಡ್ರೈವರ್ ಕೇಳಿ ಪಡೆದು, ತಾವು ಕಟ್ಟಿದ್ದ ಫ್ಯಾನನ್ನು ಬಿಚ್ಚಿಕೊಳ್ಳತೊಡಗಿದರು.

"ಮುನ್ನೂರಕ್ಕೆ ಇದು ಬೇಕಾಗಲ್ಲ," ಎಂದರು.