ಕಡಕ್ ರೊಟ್ಟಿಯ ನಾಡಿನಲ್ಲಿ ರಾತ್ರಿಯ ಊಟ

ಹೊತ್ತು ಮುಳುಗುವ ವೇಳೆಗೆ ಕಾಯಕ ಮುಗಿಸಿ ಮನೆಗೆ ಮರಳುವವರಿಗೆ ಎದುರಾಗುವ ಮೊದಲ ಪ್ರಶ್ನೆ, ರಾತ್ರಿಯ ಊಟಕ್ಕೆ ಏನು ಎಂಬುದು. ಸತಿಪತಿಗಳಿಬ್ಬರೂ ದುಡಿಯುವ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ಬಹುಪಾಲು ಒಬ್ಬರ ತಲೆಯ ಮೇಲೆಯೇ ಬೀಳುತ್ತದೆ. ದಣಿದ ಗೃಹಿಣಿ ಒಲೆಯ ಮುಂದೆ ನಿಲ್ಲುತ್ತಾಳೆ. ಇಲ್ಲವೆ ಹೊರಗಿನಿಂದ ಪೊಟ್ಟಣ ಕಟ್ಟಿಸಿಕೊಂಡು ಬಂದು ಹೊಟ್ಟೆ ತುಂಬಿಸಿಕೊಳ್ಳುವುದಾಗುತ್ತದೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದೆಂದು ನಂಬಿದ ನಮ್ಮ ಮನೆಗಳಲ್ಲಿ ಊಟವು ಹೀಗೆ ಗೊಣಗಾಟಕ್ಕೂ ಅವಸರಕ್ಕೂ ಎಡೆಯಾಗುವುದು ಸಲ್ಲದು. ಇದಕ್ಕೆ ಪರಿಹಾರವೇನೆಂಬುದನ್ನು ನಾವು ಯಾವ ಅಡಿಗೆ ಪುಸ್ತಕದಲ್ಲಿಯೂ ಹುಡುಕಬೇಕಾಗಿಲ್ಲ. ಕೊಪ್ಪಳದಿಂದ ಇಳಕಲ್ಲಿಗೆ, ಅಲ್ಲಿಂದ ಲಿಂಗಸುಗೂರಿನ ಕಡೆಗೆ ಹೋಗುವ ದಾರಿಯಲ್ಲಿಯೇ ಅದು ದೊರೆಯುತ್ತದೆ. ಆ ದಾರಿಯಲ್ಲಿ ನಾವು ಕಂಡುಂಡ ಕೆಲವು ಸಂಗತಿಗಳನ್ನು ಶರಣ ಬಂಧುಗಳ ಮುಂದಿರಿಸುತ್ತಿದ್ದೇವೆ.

ಕೊಪ್ಪಳದ ಗವಿಮಠವು ಊರಿಗೆ ಹೊಂದಿದ ಕಲ್ಲುಬೆಟ್ಟದ ಮೇಲಿದೆ. ಪುಷ್ಯ ಮಾಸದಲ್ಲಿ, ಎಂದರೆ ಸಾಮಾನ್ಯವಾಗಿ ಜನವರಿ ತಿಂಗಳಿನಲ್ಲಿ, ಇಲ್ಲಿ ಶ್ರೀ ಗವಿಸಿದ್ಧೇಶ್ವರ ಜಾತ್ರೆ ನೆರೆಯುತ್ತದೆ. ತೇರಿನಷ್ಟೇ ಹೆಸರಾದುದು ಇಲ್ಲಿನ ಮಹಾದಾಸೋಹ. ಲಕ್ಷಾಂತರ ಜನ ಉಣ್ಣುವ ಈ ದಾಸೋಹದ ರೊಟ್ಟಿಗಳು ಒಂದೇ ಅಡಿಗೆಮನೆಯಲ್ಲಿ ತಯಾರಾದವುಗಳಲ್ಲ. ಸುತ್ತಲ ಹಳ್ಳಿಗಳ ತಾಯಂದಿರು ಜಾತ್ರೆಗೆ ಮುಂಚೆಯೇ ತಮ್ಮ ತಮ್ಮ ಮನೆಗಳಲ್ಲಿ, ಓಣಿಯವರೆಲ್ಲ ಕೂಡಿ, ರೊಟ್ಟಿ ಬಡಿದು ಒಣಗಿಸಿಟ್ಟಿರುತ್ತಾರೆ. ಊರವರು ಅವುಗಳನ್ನು ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೇರಿಕೊಂಡು ಮೆರವಣಿಗೆಯಲ್ಲಿ ಮಠಕ್ಕೆ ತಂದೊಪ್ಪಿಸುತ್ತಾರೆ. ಬಿಳಿಯ ತಟ್ಟೆಗಳಂತಹ ಆ ರೊಟ್ಟಿಗಳ ರಾಶಿಯನ್ನು ನೋಡುವುದೇ ಒಂದು ಭಾಗ್ಯ.

ಆ ರಾಶಿಯ ಮುಂದೆ ನಿಂತಾಗ ನಮಗೆ ಹೊಳೆದದ್ದು ಇಷ್ಟು: ಲಕ್ಷ ಜನಕ್ಕೆ ಹೊತ್ತಿಗೆ ಸರಿಯಾಗಿ ಬಡಿಸಲು ಸಾಧ್ಯವಾದುದು ಅಂದಿನ ಅವಸರದಿಂದಲ್ಲ, ಹಿಂದಿನ ಸಿದ್ಧತೆಯಿಂದ, ಒಂದು ಜೋಡಿ ಕೈಗಳಿಂದಲ್ಲ, ಸಾವಿರ ಕೈಗಳಿಂದ. ಹಸಿಯ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಮತ್ತೆ ಸಣ್ಣ ಉರಿಯಲ್ಲಿಯೋ ಬಿಸಿಲಿನಲ್ಲಿಯೋ ನೀರಿನ ಪಸೆ ಹೋಗುವಂತೆ ಒಣಗಿಸಿದರೆ ಅದು ಕಡಕ್ ರೊಟ್ಟಿಯಾಗುತ್ತದೆ. ಪಸೆ ಇಲ್ಲದ ಕಡೆ ಬೂಸು ಹಿಡಿಯುವುದಿಲ್ಲ. ಆದುದರಿಂದ ಶುಭ್ರವಾದ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಅಥವಾ ಡಬ್ಬಿಯಲ್ಲಿಟ್ಟರೆ ತಿಂಗಳ ಕಾಲ ಕೆಡದು. ಮಳೆಗಾಲದಲ್ಲಿ ಮಾತ್ರ ಮುಚ್ಚಳ ಬಿಗಿಯಾಗಿರಬೇಕು. ಬಿಸಿಲು ಹೆಚ್ಚು, ನೀರು ಕಡಿಮೆ ಇರುವ ಈ ಬಯಲುಸೀಮೆಯ ಜನ ತಮ್ಮ ಕಷ್ಟವನ್ನೇ ಕಣಜವನ್ನಾಗಿ ಮಾಡಿಕೊಂಡ ಬಗೆಯಿದು.

ಕೊಪ್ಪಳದಿಂದ ಕುಷ್ಟಗಿಯ ಮೇಲೆ ಹಾದು ಇಳಕಲ್ಲು ಸೇರಿದೆವು. ಬಾಗಲಕೋಟೆ ಜಿಲ್ಲೆಯ ಈ ಊರಿನ ಹೆಸರನ್ನು ಕೇಳದ ಕನ್ನಡ ಹೆಣ್ಣುಮಗಳಿಲ್ಲ. ಸೀರೆಯ ಒಡಲಿನ ಹಾಸೆಳೆಗೆ ಸೆರಗಿನ ಹಾಸೆಳೆಯನ್ನು ಕೊಂಡಿ ಹಾಕಿ ಕೂಡಿಸುವುದು ಇಲ್ಲಿನ ನೇಯ್ಗೆಯ ವೈಶಿಷ್ಟ್ಯ. ಎಳೆ ಎಳೆಗೂ ಕೊಂಡಿ ಬೀಳಬೇಕಾದ ಈ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಗಂಡಸು ಕುಣಿಮಗ್ಗದಲ್ಲಿ ಕುಳಿತರೆ ಹೆಂಗಸು ಕಂಡಿಕೆ ಸುತ್ತುತ್ತಾಳೆ, ನೂಲು ಬಿಡಿಸುತ್ತಾಳೆ. ಎಷ್ಟೋ ಮನೆಗಳಲ್ಲಿ ತಾನೂ ನೇಯುತ್ತಾಳೆ. ಮನೆಯೇ ಕಾರ್ಖಾನೆಯಾದಲ್ಲಿ ಬಿಡುವಿಲ್ಲದ ದಿನವೆಂದರೆ ವಾರದ ಎಲ್ಲ ದಿನಗಳೂ ಹೌದು. ಇಂತಹವರ ರಾತ್ರಿಯ ಊಟ ಹೇಗಿರುತ್ತದೆಂಬ ಕುತೂಹಲ ನಮಗಿದ್ದಿತು.

ಪರಿಚಿತರಾದ ನೇಕಾರ ದಂಪತಿಗಳ ಮನೆಗೆ ನಾವು ಹೋದಾಗ ದೀಪ ಹಚ್ಚುವ ಹೊತ್ತು. ಮಗ್ಗದ ಸದ್ದು ಇನ್ನೂ ನಿಂತಿರಲಿಲ್ಲ. ಮನೆಯೊಡತಿ ನೂಲನ್ನು ಬದಿಗಿಟ್ಟು ಎದ್ದು, “ಬರ್ರಿ, ಕೂಡ್ರಿ. ಊಟಕ್ಕ ಭಾಳ ಹೊತ್ತಾಗಂಗಿಲ್ಲ” ಎಂದರು. ಮಾತು ಹುಸಿಯಾಗಲಿಲ್ಲ. ಅರ್ಧ ಗಂಟೆಯೊಳಗೆ ಎಡೆ ಸಿದ್ಧವಾಯಿತು. ಬುಟ್ಟಿಯಿಂದ ಕಡಕ್ ರೊಟ್ಟಿ, ಡಬ್ಬಿಗಳಿಂದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಹೊರಬಂದವು. ಬೆಳಿಗ್ಗೆ ಹೆಪ್ಪು ಹಾಕಿದ್ದ ಗಟ್ಟಿ ಮೊಸರಿತ್ತು. ಎಳೆಯ ಮೆಂತ್ಯಸೊಪ್ಪನ್ನು ತೊಳೆದು ಹಸಿಯಾಗಿಯೇ ಇಟ್ಟಿದ್ದರು. ಒಲೆಯ ಮೇಲೆ ಮಾಡಿದ್ದು ಝುಣಕ ಒಂದೇ. ಯಜಮಾನರು ಮಗ್ಗದಿಂದೆದ್ದು ಕೈತೊಳೆದು ಬಂದವರು ಉಳ್ಳಾಗಡ್ಡಿ ಹೆಚ್ಚಿಕೊಟ್ಟರು. ಶಾಲೆಗೆ ಹೋಗುವ ಮಗಳು ತಾಟು, ನೀರು ಇಟ್ಟಳು. ಯಾರಿಗೂ ಯಾರೂ ಹೇಳಲಿಲ್ಲ. ಅದು ಆ ಮನೆಯ ರೂಢಿ.

ಝುಣಕ ಮಾಡುವ ಬಗೆಯನ್ನು ಅರಿಯದ ಮನೆಗಳಿಗಾಗಿ ಇಲ್ಲಿ ಹೇಳುತ್ತೇವೆ. ನಾಲ್ವರಿಗೆ ಒಂದು ಬಟ್ಟಲು ಕಡಲೆಹಿಟ್ಟು ಸಾಕು. ಅದನ್ನು 2 ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಳ್ಳಬೇಕು. ಬಾಣಲೆಯಲ್ಲಿ 3 ಚಮಚ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ ಹಾಕಿ, ಹೆಚ್ಚಿದ ಎರಡು ಉಳ್ಳಾಗಡ್ಡಿಯನ್ನು ಬಾಡಿಸಿ, ಅರಿಸಿನ ಉಪ್ಪು ಸೇರಿಸಿ, ಕಲಸಿದ ಹಿಟ್ಟನ್ನು ಹೊಯ್ದು ಬಿಡದೆ ತಿರುವಬೇಕು. ಗಟ್ಟಿಯಾಗುತ್ತ ಬಂದಾಗ ಉರಿ ತಗ್ಗಿಸಿ ಐದು ನಿಮಿಷ ಮುಚ್ಚಿಟ್ಟು, ಕೊತ್ತಂಬರಿ ಉದುರಿಸಿ ಇಳಿಸಿದರಾಯಿತು. ಎಲ್ಲ ಸೇರಿ ಇಪ್ಪತ್ತು ನಿಮಿಷ ಹಿಡಿಯುವುದಿಲ್ಲ. ಹಲ್ಲಿಲ್ಲದ ಹಿರಿಯರಿಗೆ ರೊಟ್ಟಿಯ ಮೇಲೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿಟ್ಟರೆ ಊಟದ ಹೊತ್ತಿಗೆ ಮೆದುವಾಗುತ್ತದೆ.

ಈ ಊಟ ಬಡವರ ಊಟವೆಂದು ಮೂಗು ಮುರಿಯುವವರು ಒಂದು ಮಾತು ತಿಳಿಯಬೇಕು. ಜೋಳದಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಪೋಷಕಾಂಶ ಕಡಲೆ, ಹೆಸರು, ಮಡಿಕೆ ಮುಂತಾದ ಕಾಳುಗಳಲ್ಲಿ ಧಾರಾಳವಾಗಿದೆ. ರೊಟ್ಟಿಗೆ ಝುಣಕವನ್ನೋ ಕಾಳುಪಲ್ಯವನ್ನೋ ಜೊತೆಮಾಡಿದ ಅಜ್ಜಿಯರು ಈ ಹೆಸರನ್ನು ಕೇಳಿದವರಲ್ಲ. ಆದರೆ ಅವರ ಎಡೆ ತಪ್ಪಿರಲಿಲ್ಲ. ವಿಶ್ವಸಂಸ್ಥೆಯು 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಆ ಧಾನ್ಯಗಳ ಸಾಲಿನಲ್ಲಿ ನಮ್ಮ ಜೋಳವೂ ಇದ್ದಿತು. ಲೋಕವು ಇಂದು ಹುಡುಕಿಕೊಂಡು ಬರುತ್ತಿರುವುದನ್ನು ನಮ್ಮ ಮನೆಯ ಮಕ್ಕಳು ತಾಟಿನಲ್ಲಿ ಬಿಟ್ಟೇಳುವಂತಾಗಬಾರದು.

ರೊಟ್ಟಿ ಬಡಿಯಲು ಬಾರದವರು, ಬಂದರೂ ಪುರಸತ್ತಿಲ್ಲದವರು ಏನು ಮಾಡಬೇಕು? ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಇಂದು ಮಹಿಳೆಯರು ಮನೆಗಳಲ್ಲಿಯೂ ಸ್ವಸಹಾಯ ಸಂಘಗಳಲ್ಲಿಯೂ ಕಡಕ್ ರೊಟ್ಟಿ ತಯಾರಿಸಿ ಮಾರುತ್ತಾರೆ. ಬೆಂಗಳೂರಿನಲ್ಲಿಯೂ ಅವು ದೊರೆಯುತ್ತವೆ. ಅವರಿಂದ ಕೊಳ್ಳುವುದರಿಂದ ನಮ್ಮ ಒಲೆಯ ಹೊರೆ ಇಳಿಯುತ್ತದೆ. ಇನ್ನೊಬ್ಬ ತಾಯಿಯ ಕಾಯಕಕ್ಕೆ ಬೆಲೆ ಬರುತ್ತದೆ. ಇದನ್ನು ಹೊರಗಿನ ಊಟವೆಂದು ನಾವು ಎಣಿಸುವುದಿಲ್ಲ.

ಇಳಕಲ್ಲಿನಿಂದ ಮುದಗಲ್ಲ ಕೋಟೆಯ ಪಕ್ಕದಿಂದ ಸಾಗಿ, ಲಿಂಗಸುಗೂರನ್ನು ದಾಟಿ, ಗುರುಗುಂಟಾ ಬಳಿಯ ಅಮರೇಶ್ವರಕ್ಕೆ ಬಂದೆವು. ರಾಯಚೂರು ಜಿಲ್ಲೆಯ ಈ ಕ್ಷೇತ್ರ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಗಳ ಊರು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ಕಲ್ಯಾಣಕ್ಕೆ ಹೋದ ಇವರ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದರು. ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ಅಂದಂದಿನ ಅಗತ್ಯಕ್ಕೆ ಮೀರಿದ್ದು ಆಸೆಯೆಂದು ಪತಿಗೇ ತಿಳಿಹೇಳಿ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು.

ಈ ಕಥೆಯನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿದ್ದೇವೆ. ಆದರೆ ಅಮರೇಶ್ವರದ ಕಲ್ಲುಬಂಡೆಗಳ ನಡುವೆ ಕುಳಿತು ನೆನೆದಾಗ ಅದರಲ್ಲಿ ಅಡಿಗೆಮನೆಯ ಮಾತೊಂದು ಕೇಳಿಸಿತು. ರಾತ್ರಿಯ ಅಡಿಗೆಯನ್ನು ಭಾರವಾಗಿಸುವುದು ಹಸಿವಲ್ಲ, ಬಗೆಬಗೆಯಾಗಿರಬೇಕೆಂಬ ಆಸೆ. ಒಬ್ಬರಿಗೆ ಚಪಾತಿ, ಇನ್ನೊಬ್ಬರಿಗೆ ಅನ್ನ, ಮಕ್ಕಳಿಗೆ ಮತ್ತೊಂದು ಎಂದು ಮೂರು ಪಾತ್ರೆ ಒಲೆಗೇರಿದರೆ ಯಾವ ಗೃಹಿಣಿಗೆ ತಾನೆ ದಣಿವಾಗದು? ಒಂದು ರೊಟ್ಟಿ, ಒಂದು ಪಲ್ಯ, ಒಂದು ಹಿಂಡಿ, ಇಷ್ಟು ಮೊಸರು. ಅಗತ್ಯವೆಂಬುದು ಇಲ್ಲಿಗೆ ತುಂಬುತ್ತದೆ. ಇನ್ನೊಂದು ಸಂಗತಿಯೂ ಗಮನಾರ್ಹ. ಆ ಮನೆಯಲ್ಲಿ ಧಾನ್ಯ ತರುವವರು ಪತಿ; ಎಷ್ಟು ಸಾಕೆಂದು ಹೇಳುವವರು ಸತಿ. ಅಡಿಗೆಯ ವಿಷಯದಲ್ಲಿ ಹೆಣ್ಣಿಗೆ ಶರಣರು ಕೊಟ್ಟದ್ದು ದುಡಿಮೆಯನ್ನು ಮಾತ್ರವಲ್ಲ, ಅಧಿಕಾರವನ್ನು ಕೂಡ. ನಾವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಮರೆತಂತೆ ಕಾಣುತ್ತದೆ.

ಈ ಮೂರು ಎಡೆಗಳಲ್ಲಿ ಕಂಡುದನ್ನು ಮನೆಯ ಆಚರಣೆಗೆ ತರುವುದು ಕಠಿಣವಲ್ಲ. ಭಾನುವಾರ ಮನೆಮಂದಿಯೆಲ್ಲ ಕೂಡಿ ವಾರದ ಹಿಂಡಿಯನ್ನು ಕುಟ್ಟಿಡಬಹುದು. ಬೆಳಿಗ್ಗೆ ಹೊರಡುವ ಮುನ್ನ ಒಂದು ಹಿಡಿ ಹೆಸರುಕಾಳನ್ನೋ ಮಡಿಕೆಕಾಳನ್ನೋ ನೆನೆಯಿಟ್ಟರೆ ಸಂಜೆಗೆ ಬೇಯಲು ಸಿದ್ಧ. ಜೋಳದ ನುಚ್ಚು ಒಂದು ಬಟ್ಟಲಿಗೆ 4 ಬಟ್ಟಲು ನೀರು ಹಾಕಿ ಕುಕ್ಕರಿನಲ್ಲಿಟ್ಟು, ಮಜ್ಜಿಗೆಯೊಡನೆ ಉಂಡರೆ ಬೇಸಿಗೆಯ ರಾತ್ರಿಗೆ ಅದಕ್ಕಿಂತ ಹಿತವಾದುದಿಲ್ಲ. ಜೋಳದ ಹಿಟ್ಟಿಗೆ ಸ್ವಲ್ಪ ಕಡಲೆಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಸೊಪ್ಪು, ಜೀರಿಗೆ, ಖಾರ, ಉಪ್ಪು ಬೆರೆಸಿ ಹಂಚಿನ ಮೇಲೆ ತಟ್ಟಿದರೆ ತಾಲಿಪಟ್ಟಾಯಿತು. ಇದನ್ನು ತಟ್ಟಲು ಗಂಡುಮಕ್ಕಳಿಗೂ ಕಲಿಸಬೇಕು. ಸೊಪ್ಪು ಬಿಡಿಸುವುದು, ತಾಟು ತೊಳೆಯುವುದು ಹೆಣ್ಣಿನ ಕೆಲಸವೆಂದು ಯಾವ ಶರಣರೂ ಹೇಳಿಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಭೆಯಲ್ಲಿ ನುಡಿದು ಮನೆಗೆ ಬಂದು ಕಾಲು ಚಾಚಿ ಕುಳಿತರೆ ಆ ನುಡಿಗೆ ಬೆಲೆಯಿಲ್ಲ.

ಊಟ ಬೇಗನೆ ಸಿದ್ಧವಾದರೆ ಉಳಿಯುವ ಹೊತ್ತು ಸಣ್ಣದಲ್ಲ. ಆ ಹೊತ್ತಿನಲ್ಲಿ ಇಷ್ಟಲಿಂಗಪೂಜೆ ನೆಮ್ಮದಿಯಿಂದ ನಡೆಯುತ್ತದೆ, ಮಕ್ಕಳ ಶಾಲೆಯ ಸುದ್ದಿ ಕೇಳಲು ಕಿವಿ ಬಿಡುವಾಗಿರುತ್ತದೆ, ಹಿರಿಯರೊಡನೆ ಎರಡು ಮಾತು ಆಡಲಾಗುತ್ತದೆ. ತಾಟಿನಲ್ಲಿ ಒಂದಗುಳೂ ಉಳಿಯದಂತೆ ಉಂಡು, ತಾಟನ್ನು ತೊಳೆದ ನೀರನ್ನೂ ಪ್ರಸಾದವೆಂದು ಸ್ವೀಕರಿಸುವ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅವರ ಪಂಕ್ತಿಯಲ್ಲಿ ಅಡಿಗೆ ಮಾಡಿದ ತಾಯಿಯೂ ಜೊತೆಗೆ ಕುಳಿತು ಬಿಸಿಯಾಗಿ ಉಣ್ಣುವಂತಾದರೆ ಆ ಮನೆಯ ದಾಸೋಹ ಪೂರ್ಣವಾದಂತೆ. ಎಲ್ಲ ಶರಣ ಕುಟುಂಬಗಳಿಗೂ ಅಂತಹ ಇರುಳುಗಳು ಒದಗಲೆಂದು ಹಾರೈಸುತ್ತೇವೆ.