ಸ್ಟೆಪ್ನಿ ಇಲ್ಲದ ಕಾರಿಗೆ ಟೈರು

ಷೆವರ್ಲೆ ಕಾರ್ವೆಟ್‌ನ ಐದನೇ ತಲೆಮಾರು, ಅಂದರೆ ಸಿ5, 1997ರಲ್ಲಿ ಬಂದಾಗ ಅದರಲ್ಲಿ ಸ್ಟೆಪ್ನಿ ಇರಲಿಲ್ಲ. ಜಾಕೂ ಇರಲಿಲ್ಲ. ಸ್ಟೆಪ್ನಿ ಇಡಲು ಜಾಗವನ್ನೇ ಬಿಟ್ಟಿರಲಿಲ್ಲ. ಅದರ ಬದಲು ನಾಲ್ಕೂ ಚಕ್ರಗಳಿಗೆ ಗುಡ್‌ಇಯರ್‌ನವರ ಇಎಂಟಿ ಟೈರು. ಗಾಳಿ ಪೂರ್ತಿ ಹೋದರೂ ಕುಸಿದು ಕೂರದೆ ಓಡುವ ರನ್‌ಫ್ಲಾಟ್. 1994ರ ಕಾರ್ವೆಟ್ಟಿನಲ್ಲಿ ಬೇಕಾದವರು ಹೆಚ್ಚಿನ ದುಡ್ಡು ತೆತ್ತು ಹಾಕಿಸಿಕೊಳ್ಳಬಹುದಾಗಿದ್ದ ಈ ಟೈರು, ಸಿ5ರ ಹೊತ್ತಿಗೆ ಕಾರಿನ ಅಂಗವೇ ಆಯಿತು. ಮಿಷಿಗನ್‌ನಲ್ಲಿ ನಾನು ಓಡಿಸುವುದು ಅಂಥದೇ ಒಂದು ಹಳೇ ಸಿ5. ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿರುವ ಈ ಕಾರಿನ ಟೈರು ಬದಲಿಸುವ ಹೊತ್ತು ಬಂದಾಗ ಎದುರಾಗುವ ಪ್ರಶ್ನೆ ಒಂದೇ: ಮತ್ತೆ ರನ್‌ಫ್ಲಾಟೇ ಹಾಕಿಸುವುದೋ, ಮಾಮೂಲಿ ಟೈರಿಗೆ ಹೋಗುವುದೋ?

ಮಂಡ್ಯ ಕಡೆಯ ಗೆಳೆಯರೊಬ್ಬರು ಇಲ್ಲೇ ಮೋಟಾರು ಉದ್ಯಮದಲ್ಲಿದ್ದಾರೆ. ಅವರದು ಖಚಿತ ಮಾತು. "ರನ್‌ಫ್ಲಾಟ್ ಯಾಕ್ ಸಾರ್ ನಿಮಗೆ? ಮಾಮೂಲಿ ಟೈರ್ ಹಾಕ್ಸಿ. ಹಿಂದೆ ಒಂದು ಪಂಪು, ಒಂದು ಡಬ್ಬಿ ಸೀಲೆಂಟ್ ಇಟ್ಕೊಳ್ಳಿ. ದುಡ್ಡೂ ಉಳಿಯುತ್ತೆ, ಕಾರೂ ಮೆತ್ತಗೆ ಓಡುತ್ತೆ." ಅವರು ಹೇಳುವುದು ಸುಳ್ಳಲ್ಲ. ರನ್‌ಫ್ಲಾಟಿನ ಪಕ್ಕೆ ಗಡುಸು, ತೂಕ ಹೆಚ್ಚು. ರಸ್ತೆಯ ಪ್ರತಿ ಬಿರುಕೂ ಬೆನ್ನಿಗೆ ತಿಳಿಯುತ್ತದೆ. ಕಂಪನಿಯೇ 2001ರಲ್ಲಿ ಝಡ್06 ಎಂಬ ಚುರುಕಿನ ಕಾರ್ವೆಟ್ ತಂದಾಗ ತೂಕ ಇಳಿಸಲೆಂದು ರನ್‌ಫ್ಲಾಟ್ ಬಿಟ್ಟು ಮಾಮೂಲಿ ಟೈರು ಹಾಕಿ, ಜೊತೆಗೆ ಸೀಲೆಂಟು ಮತ್ತು ಪಂಪು ಕೊಟ್ಟಿತ್ತು. ರೇಸ್ ಟ್ರ್ಯಾಕಿಗೆ ಹೋಗುವವರಿಗೆ, ಊರೊಳಗೇ ಅಡ್ಡಾಡುವವರಿಗೆ ಈ ಸಲಹೆ ಸರಿಯಾಗಿ ಹೊಂದುತ್ತದೆ. ನಾನು ಹೋಗುವ ದಾರಿಗಳು ಬೇರೆ.

ಮಿಷಿಗನ್ನಿನ ಉತ್ತರ ತುದಿಯಲ್ಲಿ, ಮ್ಯಾಕಿನಾ ಸೇತುವೆ ದಾಟಿದ ಮೇಲೆ, ಅಪ್ಪರ್ ಪೆನಿನ್ಸುಲಾ ಎಂಬ ಕಾಡುಸೀಮೆ ಇದೆ. ಅಲ್ಲಿ ಎಂ-28 ಹೆದ್ದಾರಿ ಸೀನಿ ಎಂಬ ಪುಟ್ಟ ಊರಿನಿಂದ ಶಿಂಗಲ್ಟನ್‌ವರೆಗೆ ಸುಮಾರು 40 ಕಿಲೋಮೀಟರ್ ಒಂದೇ ಗೆರೆಯಂತೆ ಸಾಗುತ್ತದೆ. ತಿರುವಿಲ್ಲ, ನಡುವೆ ಊರಿಲ್ಲ. ಎರಡೂ ಬದಿ ಜೌಗು, ಪೈನ್ ಮರ. ಸಂಜೆ ಇಳಿದರೆ ಜಿಂಕೆಗಳು ರಸ್ತೆಗೆ ಬರುತ್ತವೆ. ಇಂಥ ಕಡೆ ಟೈರಿನ ಗಾಳಿ ಹೋದರೆ ಏನಾಗುತ್ತದೆ ಎಂಬುದೇ ನನ್ನ ಪಾಲಿಗೆ ಆಯ್ಕೆಯ ಅಳತೆಗೋಲು. ಸೀಲೆಂಟು ಮೊಳೆಯಷ್ಟು ಸಣ್ಣ ತೂತನ್ನು, ಅದೂ ನೆಲಕ್ಕೆ ತಾಗುವ ಭಾಗದಲ್ಲಿದ್ದರೆ, ಮುಚ್ಚುತ್ತದೆ. ಅದಕ್ಕೂ ಕಾರು ನಿಲ್ಲಿಸಿ, ಇಳಿದು, ಕತ್ತಲಲ್ಲಿ ಮಂಡಿಯೂರಿ ಕೂರಬೇಕು. ಈಗ ಮಾರುಕಟ್ಟೆಗೆ ಬರುವ ಬಹುಪಾಲು ರನ್‌ಫ್ಲಾಟುಗಳು ಗಾಳಿ ಸೊನ್ನೆಯಾದ ಮೇಲೂ ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ 80 ಕಿಲೋಮೀಟರ್ ದೂರ ಓಡುವ ಭರವಸೆ ಕೊಡುತ್ತವೆ. ಆ ನೇರ ರಸ್ತೆಯ ನಟ್ಟನಡುವೆ ಪಂಕ್ಚರ್ ಆದರೂ ಶಿಂಗಲ್ಟನ್ ದಾಟಿ, ದೀಪ, ಪೆಟ್ರೋಲ್ ಬಂಕು, ಉಳಿಯಲು ರೂಮು ಇರುವ ಮ್ಯೂನಿಸಿಂಗ್ ತನಕ ಧಾರಾಳವಾಗಿ ಮುಟ್ಟಬಹುದು. ಇದನ್ನು ಮನೆಯಲ್ಲಿ ಚರ್ಚಿಸುವಾಗ ನನ್ನ ಹೆಂಡತಿ ಒಂದೇ ಮಾತಿನಲ್ಲಿ ಹೇಳಿದಳು: "ಪಂಪು ಹಿಡ್ಕೊಂಡು ಕಾಡಲ್ಲಿ ನಿಲ್ಲೋಕೆ ನನ್ನ ಕೈಲಾಗಲ್ಲ ಕಣ್ರೀ. ಊರು ಮುಟ್ಟಿಸೋ ಟೈರೇ ಹಾಕ್ಸಿ."

ಈ ಶಕ್ತಿ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಟೈರು ಅಂಗಡಿಯಲ್ಲಿ ರಿಮ್ಮಿಗೆ ಏರಿಸುವ ಮುಂಚೆ ಒಮ್ಮೆ ಮುಟ್ಟಿ ನೋಡಬೇಕು. ಮಾಮೂಲಿ ಟೈರಿನ ಪಕ್ಕೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಬಾಗುತ್ತದೆ. ರನ್‌ಫ್ಲಾಟಿನದು ಎರಡೂ ಅಂಗೈ ಊರಿ ಮೈಭಾರ ಬಿಟ್ಟರೂ ಸುಲಭಕ್ಕೆ ಮಣಿಯುವುದಿಲ್ಲ. ಬಾಯಿಯೊಳಗೆ ಕೈ ಹಾಕಿ ಸವರಿದರೆ ಪಕ್ಕೆಯ ಒಳಬದಿಯಲ್ಲಿ ಹೆಚ್ಚುವರಿ ರಬ್ಬರಿನ ದಪ್ಪ ಪದರ ಬೆರಳಿಗೆ ಸಿಗುತ್ತದೆ. ಗಾಳಿ ಇಲ್ಲದಾಗ ಕಾರಿನ ಭಾರ ಹೊರುವುದು ಈ ಪದರವೇ. ಆದರೆ ಹೊರುವಾಗ ಅದು ಪ್ರತಿ ಸುತ್ತಿಗೂ ಬಾಗಿ ಏಳುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ರಬ್ಬರು ಸಾಯುತ್ತದೆ. ವೇಗಕ್ಕೂ ದೂರಕ್ಕೂ ಮಿತಿ ಹಾಕಿರುವುದು ಈ ಕಾವಿನ ದೆಸೆಯಿಂದ. ಗಾಳಿ ಇಲ್ಲದೆ ಓಡಿದ ಟೈರನ್ನು ಬಿಚ್ಚಿದಾಗ ಕೆಲವೊಮ್ಮೆ ಒಳಗಿಂದ ಕರಿ ಪುಡಿ ಉದುರುತ್ತದೆ. ಒಳಗೋಡೆ ತಾನೇ ಉಜ್ಜಿಕೊಂಡು ಸವೆದ ರಬ್ಬರು ಅದು. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಕಾಣುತ್ತಿರಬಹುದು. ಅಂಥದಕ್ಕೆ ಪ್ಯಾಚ್ ಹಾಕಿಸಿ ಮತ್ತೆ ಓಡಿಸುವ ಆಸೆ ಬೇಡ. ಪಕ್ಕೆಯೇ ಸೀಳಿಹೋದರೆ ರನ್‌ಫ್ಲಾಟನ್ನೂ ನಂಬುವಂತಿಲ್ಲ.

ರನ್‌ಫ್ಲಾಟಿನ ದೊಡ್ಡ ಅಪಾಯ ಅದರ ಗುಣದಲ್ಲೇ ಇದೆ. ಗಾಳಿ ಹೋದದ್ದು ಕಣ್ಣಿಗೆ ಕಾಣದು, ಸ್ಟೀರಿಂಗಿಗೂ ಬೇಗ ತಿಳಿಯದು. ಆದ್ದರಿಂದಲೇ ಸಿ5ರ ಪ್ರತಿ ಚಕ್ರದೊಳಗೂ ಒಂದು ಸೆನ್ಸರ್ ಇಟ್ಟು, ಗಾಳಿಯ ಒತ್ತಡವನ್ನು ಡ್ಯಾಶ್‌ಬೋರ್ಡಿನಲ್ಲಿ ಅಂಕಿಗಳಲ್ಲಿ ತೋರಿಸುವ ಏರ್ಪಾಡು ಮಾಡಿದ್ದರು. ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೂ ಒತ್ತಡದ ಎಚ್ಚರಿಕೆ ಕಡ್ಡಾಯವಾಗಿದ್ದು ಇದಾಗಿ ಸುಮಾರು ಹತ್ತು ವರ್ಷದ ಮೇಲೆ. ಸೆನ್ಸರಿನ ಬ್ಯಾಟರಿಯನ್ನು ಒಳಗೇ ಸೀಲ್ ಮಾಡಿರುತ್ತಾರೆ. ಹೆಚ್ಚುಕಡಿಮೆ ಹತ್ತು ವರ್ಷಕ್ಕೆ ಅದರ ಆಯುಸ್ಸು ಮುಗಿಯುತ್ತದೆ. ಸೆನ್ಸರ್ ಬದಲಿಸಲು ಹೇಗೂ ಟೈರು ಇಳಿಸಲೇಬೇಕು. ಹಾಗಾಗಿ ಹಳೇ ಕಾರಿಗೆ ಹೊಸ ರನ್‌ಫ್ಲಾಟ್ ಹಾಕಿಸುವ ದಿನವೇ ಹಳೇ ಸೆನ್ಸರುಗಳನ್ನೂ ಬದಲಿಸುವುದು ಜಾಣತನ. ಸತ್ತ ಸೆನ್ಸರಿನ ಮೇಲೆ ದುಬಾರಿ ರನ್‌ಫ್ಲಾಟ್ ಏರಿಸಿದರೆ ಅದರ ಪ್ರಯೋಜನ ಅರ್ಧಕ್ಕರ್ಧ ಹೋದಂತೆ.

ಇನ್ನು ಕೊಳ್ಳುವ ಮಾತು. ಸಿ5ಗೆ ಮುಂದೆ 245/45 ಅಳತೆಯ 17 ಇಂಚು, ಹಿಂದೆ 275/40 ಅಳತೆಯ 18 ಇಂಚು. ಹಿಂದು ಮುಂದು ಬೇರೆ ಅಳತೆಯಾದ್ದರಿಂದ ಸವೆತ ಸಮ ಮಾಡಲು ಅದಲುಬದಲು ಮಾಡುವಂತಿಲ್ಲ; ಹಿಂದಿನವು ಬೇಗ ಸವೆಯುತ್ತವೆ. ಎರಡೇ ಕೊಳ್ಳೋಣ ಅನ್ನಿಸುವುದು ಸಹಜ. ಕೊಂಡರೆ, ಮುಂದಿರುವ ಕಂಪನಿಯದೇ, ಅದೇ ಮಾದರಿಯದೇ ಇರಲಿ. ರನ್‌ಫ್ಲಾಟು ಮತ್ತು ಮಾಮೂಲಿ ಟೈರನ್ನು ಒಂದೇ ಕಾರಿನಲ್ಲಿ ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ಎರಡರ ಪಕ್ಕೆಗಳೂ ಬೇರೆ ಬೇರೆ ಥರ ಬಾಗುತ್ತವೆ. ಮಳೆಯಲ್ಲಿ ತಿರುವು ತೆಗೆಯುವಾಗ ಮುಂಭಾಗ ಒಂದು ಹೇಳಿದರೆ ಹಿಂಭಾಗ ಇನ್ನೊಂದು ಹೇಳುತ್ತದೆ. ಗುರುತಿನ ಹೆಸರುಗಳೂ ಒಂದೊಂದು ಕಂಪನಿಗೆ ಒಂದೊಂದು: ಮಿಶೆಲಿನ್‌ನವರದು ಝಡ್‌ಪಿ, ಬ್ರಿಜ್‌ಸ್ಟೋನ್‌ನವರದು ಆರ್‌ಎಫ್‌ಟಿ, ಕಾಂಟಿನೆಂಟಲ್‌ನವರದು ಎಸ್‌ಎಸ್‌ಆರ್. ಒಂದೇ ಹೆಸರಿನ ಟೈರು ರನ್‌ಫ್ಲಾಟ್ ಆಗಿಯೂ ಆಗದೆಯೂ ಬರುವುದರಿಂದ ಪಕ್ಕೆಯ ಮೇಲೆ ಆ ಅಕ್ಷರಗಳನ್ನು ಓದಿಯೇ ದುಡ್ಡು ಕೊಡಬೇಕು.

ಬೇಸಿಗೆ ಟೈರೋ, ಆಲ್‌ಸೀಸನ್ನೋ ಎಂಬುದು ಇನ್ನೊಂದು ತೀರ್ಮಾನ. ಬೇಸಿಗೆ ಟೈರಿನ ಹಿಡಿತ ಚೆನ್ನ, ಆದರೆ ಚಳಿ 7 ಡಿಗ್ರಿಗಿಂತ ಕೆಳಗಿಳಿದರೆ ಅದರ ರಬ್ಬರು ಬಿಗಿಯುತ್ತದೆ. ಕೊರೆಯುವ ಚಳಿಯಲ್ಲಿ ಉರುಳಿಸಿದರೆ ಬಿರುಕೂ ಬಿಡಬಹುದು. ಉಷ್ಣತೆ ಐದಾರು ಡಿಗ್ರಿ ಇಳಿದಾಗಲೆಲ್ಲ ಒಳಗಿನ ಒತ್ತಡವೂ ಸುಮಾರು ಒಂದು ಪಿಎಸ್‌ಐ ತಗ್ಗುತ್ತದೆ. ನನ್ನ ಕಾರು ಹಿಮ ಬೀಳುವ ತಿಂಗಳುಗಳಲ್ಲಿ ಗ್ಯಾರೇಜ್ ಬಿಟ್ಟು ಕದಲುವುದಿಲ್ಲ, ಆದರೆ ಅಕ್ಟೋಬರಿನ ಮುಂಜಾವಿಗೆ ಹೊರಡುತ್ತದೆ. ಆದ್ದರಿಂದ ಆಲ್‌ಸೀಸನ್ ರನ್‌ಫ್ಲಾಟ್ ಆರಿಸಿದೆ. ಅದರ ಹಿಡಿತ ನನ್ನ ವೇಗಕ್ಕೆ ಸಾಕು.

ಬೆಂಗಳೂರಿನಲ್ಲಿ ಬಿಎಂಡಬ್ಲ್ಯು ಓಡಿಸುವ ಬಂಧುಗಳು ಇದೇ ಪ್ರಶ್ನೆ ಕೇಳಿದರೆ ನನ್ನ ಉತ್ತರ ಬೇರೆ. ಅಲ್ಲಿ ಗುಂಡಿಯ ಅಂಚಿಗೆ ಬಡಿದು ತೆಳು ಪಕ್ಕೆಯ ಟೈರು ಉಬ್ಬುವ ಭಯವೇ ಹೆಚ್ಚು, ಪಂಕ್ಚರ್ ಅಂಗಡಿಗೆ ಬರವಿಲ್ಲ. ಊರೊಳಗಷ್ಟೇ ಓಡಾಟವಾದರೆ, ಕಾರಿನ ಕಂಪನಿ ಒಪ್ಪುವುದಾದರೆ, ಮಾಮೂಲಿ ಟೈರು ಹಾಕಿಸಿ, ಡಿಕ್ಕಿಯಲ್ಲಿ ಸ್ಟೆಪ್ನಿಗೆ ಜಾಗ ಮಾಡಿಕೊಳ್ಳಿ. ರಾತ್ರಿ ಹೊತ್ತು ಶಿರಾಡಿ ಘಾಟಿ ಇಳಿಯುವವರು ಮಾತ್ರ ಎರಡು ಸಲ ಯೋಚಿಸಲಿ.

ಸ್ಪೋರ್ಟ್ಸ್ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಟ್ರೆಡ್ ಆಳವಾಗಿಯೇ ಇರುತ್ತದೆ, ರಬ್ಬರು ಮಾತ್ರ ಮುದಿಯಾಗುತ್ತದೆ. 2013ರಲ್ಲಿ ನಟ ಪಾಲ್ ವಾಕರ್ ಸತ್ತ ಅಪಘಾತದ ತನಿಖೆಯಲ್ಲಿ ಅತಿವೇಗದ ಜೊತೆಗೆ ಆ ಪೋರ್ಷೆಯ ಟೈರುಗಳಿಗೆ ಒಂಬತ್ತು ವರ್ಷವಾಗಿತ್ತೆಂಬುದೂ ಹೊರಬಂತು. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: ಮೊದಲೆರಡು ವಾರ, ಉಳಿದೆರಡು ವರ್ಷ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ರನ್‌ಫ್ಲಾಟೇ ಇರಲಿ, ಮಾಮೂಲಿಯೇ ಇರಲಿ, ಅಂಗಡಿಯವರು ಹೊಸದೆಂದು ತಂದಿಟ್ಟ ಟೈರಿನ ಈ ಅಂಕಿಗಳನ್ನು ರಿಮ್ಮಿಗೆ ಏರಿಸುವ ಮುಂಚೆಯೇ ಓದಿ. ಹಳೆಯದಾಗಿದ್ದರೆ ಸಂಕೋಚವಿಲ್ಲದೆ ವಾಪಸ್ ಕೊಡಿ.