ಮೂರು ಎಚ್‌ಪಿ ಮೋಟರು, ಹೊಸ ಎಂಜಿನ್ನು

ತುಂಬಾ ದಿನವಾಯ್ತು ಇಲ್ಲಿ ಬರೆಯದೆ. ಕಳೆದ ವಾರ ಊರಿಗೆ, ಅಂದ್ರೆ ಗೋವಿನಕೋವಿಗೆ ಹೋಗಿದ್ದೆ. ನಾನು ಆಡಿ ಬಿಟ್ಟ ಹಳೇ ಗೇಮ್ ಕನ್ಸೋಲನ್ನು ಅಣ್ಣನ ಮಗನಿಗೆ ಕೊಟ್ಟಿದ್ದೆ. ಅದರದೇ ದೂರು ಕಾದಿತ್ತು. ಯಾವುದೋ ಹೊಸ ಆಟ ಹಾಕಿದರೆ ಚಿತ್ರ ಮಸುಕು, ಓಟ ಕುಂಟು.

"ಚಿಕ್ಕಪ್ಪ, ಆಟದ ಎಂಜಿನ್ ಹೊಸದಂತೆ, ಇದ್ರಲ್ಲಿ ಸರಿ ಓಡಲ್ವಂತೆ. ಇನ್ಮೇಲೆ ನಮಗೆ ಯಾರೂ ಆಟ ಮಾಡಲ್ವಾ?"

ಎಂಜಿನ್ ಅಂದ ಕೂಡಲೇ ಕಟ್ಟೆ ಮೇಲಿದ್ದ ಅಪ್ಪನ ಕಿವಿ ನಿಮಿರಿತು. ನಮ್ಮ ಕಡೆ ಎಂಜಿನ್ ಅಂದ್ರೆ ನೀರೆತ್ತುವ ಡೀಸೆಲ್ ಪಂಪು ತಾನೆ! "ಮೂರು ಎಚ್‌ಪಿ ಮೋಟರಿಗೆ ಐದು ಎಚ್‌ಪಿ ಪಂಪು ಕಟ್ಟಿದ್ರೆ ಸುಟ್ಟೋಗುತ್ತೆ, ಅಷ್ಟೇ" ಅಂತ ತೀರ್ಪು ಕೊಟ್ಟೇಬಿಟ್ಟರು.

ಆದರೆ ಗೇಮ್ ಎಂಜಿನ್ನು ಪಂಪಿನ ಹಾಗಲ್ಲ, ಅದೊಂದು ಸಲಕರಣೆ ಪೆಟ್ಟಿಗೆ. ಒಳಗಿರೋದನ್ನೆಲ್ಲ ಬಳಸಲೇಬೇಕು ಅಂತಿಲ್ಲ. ಅನ್‌ರಿಯಲ್ ಎಂಜಿನ್ 5ನ್ನೇ ನೋಡಿ. ಅದರ ನ್ಯಾನೈಟ್ ಕಲ್ಲಿನ ಒಂದೊಂದು ಬಿರುಕನ್ನೂ ಲಕ್ಷಾಂತರ ತ್ರಿಕೋನಗಳಲ್ಲಿ ಬಿಡಿಸುತ್ತೆ. ಲ್ಯೂಮೆನ್ ಗೋಡೆಗೆ ಬಡಿದು ಚದುರುವ ಬೆಳಕನ್ನು ಆ ಕ್ಷಣವೇ ಲೆಕ್ಕ ಹಾಕುತ್ತೆ. ಎರಡಕ್ಕೂ ಗಟ್ಟಿ ಯಂತ್ರ ಬೇಕು. ಆದರೂ ಫೋರ್ಟ್‌ನೈಟ್ 2021ರ ಡಿಸೆಂಬರಿನಲ್ಲಿ ಇದೇ ಎಂಜಿನ್ನಿಗೆ ಬದಲಾದಾಗ, 2017ರ ನಿಂಟೆಂಡೊ ಸ್ವಿಚ್‌ನಲ್ಲೂ ಓಡಿತು. ಬರೀ 4 ಜಿಬಿ ಮೆಮೊರಿಯ ಯಂತ್ರ! ಮುಂದಿನ ವರ್ಷ ಆಟಕ್ಕೆ ನ್ಯಾನೈಟ್, ಲ್ಯೂಮೆನ್ ಬಂದಾಗ ಅವು ಪ್ಲೇಸ್ಟೇಷನ್ 5ರಂಥ ಬಲಶಾಲಿಗಳಿಗಷ್ಟೇ ಸಿಕ್ಕವು. ಸ್ವಿಚ್‌ನವರು ಅವಿಲ್ಲದೆಯೇ ಅದೇ ಆಟ ಆಡಿದರು.

ನಮ್ಮ ಪಕ್ಕದ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು "ರಾಜಿ"ಯನ್ನು ಅನ್‌ರಿಯಲ್ 4ರಲ್ಲಿ ಕಟ್ಟಿ, 2020ರ ಆಗಸ್ಟಿನಲ್ಲಿ ಮೊದಲು ಬಿಟ್ಟಿದ್ದೇ ಸ್ವಿಚ್‌ನಲ್ಲಿ. ಕ್ಯಾಮೆರಾ ದೂರದಲ್ಲಿ ನಿಂತು ನೋಡುತ್ತೆ, ನಡುನಡುವೆ ಕಥೆ ಹೇಳೋದು ನಮ್ಮ ತೊಗಲುಗೊಂಬೆಯಾಟದ ಹಾಗೆ. ಚೆಂದಕ್ಕೆ ಯಾವಾಗಲೂ ತ್ರಿಕೋನಗಳ ರಾಶಿಯೇ ಬೇಕಿಲ್ಲ ನೋಡಿ.

ಹಾಗಂತ ಇದು ಬಿಟ್ಟಿ ಕೆಲಸವಲ್ಲ. ಏನು ಇಟ್ಕೋಬೇಕು, ಏನು ಬಿಡಬೇಕು ಅಂತ ಸಣ್ಣ ಯಂತ್ರವನ್ನು ಎದುರಿಗಿಟ್ಟುಕೊಂಡೇ ಅಳೆಯಬೇಕು. ದೊಡ್ಡದಕ್ಕೆಂದೇ ಮಾಡಿ ಕೊನೆಗೆ ಸಣ್ಣದಕ್ಕೆ ತುರುಕಿದರೆ ಅಪ್ಪನ ಮೋಟರಿನ ಗತಿಯೇ.

ಇದನ್ನೆಲ್ಲ ಹೇಳಿದಾಗ ಅಪ್ಪ, "ಹಂಗಾದ್ರೆ ವಾಲ್ವ್ ತಿರುಗಿಸಿ ನೀರು ಕಮ್ಮಿ ಬಿಡೋದು ಅನ್ನು" ಅಂದರು. ನಾನು ಇಷ್ಟುದ್ದ ಹೇಳಿದ್ದು ಅದನ್ನೇ!

ಹುಡುಗ ಮಾತ್ರ ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ವಾಲ್ವ್ ತಿರುಗ್ಸೋಕೆ ಅವರಿಗೆ ಮನಸ್ಸಿರುತ್ತಾ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಿಮ್ಮಲ್ಲಿದೆಯಾ?